ತಡವಾಗಿ ಬಿದ್ದ ಬಲದ ಹೂ

ದೇವರಿಗೆ ಹೂ ಕೇಳುವುದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆಯೋ ಇಲ್ಲವೋ ಹೇಳಲಾರೆ, ಆದರೆ ಹಿಂದೆ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ, ಈ ಮುದುಕಿಗೆ ಎಲ್ಲಿ ನೋಡಿದರೂ ದೇವರೇ ಕಾಣುತ್ತದೆ ಎಂದು ನೀವು ನಗುತ್ತೀರಿ. ನನಗೆ ದೇವರು ಕಂಡಿಲ್ಲ, ದೆವ್ವವೂ ಕಂಡಿಲ್ಲ. ಕಂಡದ್ದು ಒಂದು ಸಣ್ಣ ಕುಚ್ಚು ಮಲ್ಲಿಗೆ, ಅಷ್ಟೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಬರೆದದ್ದನ್ನು ಮೊಮ್ಮಗಳು ತಿದ್ದಿ ಕೊಟ್ಟಿದ್ದಾಳೆ. ತಪ್ಪೇನಾದರೂ ಉಳಿದಿದ್ದರೆ ಅದು ಅವಳದು. ಸಿಟ್ಟು ಮಾತ್ರ ನನ್ನದು.

ನಾವು ದೊಡ್ಡಬಳ್ಳಾಪುರದ ನೇಕಾರರು. ನಮ್ಮ ಮನೆದೇವರು ಚೌಡೇಶ್ವರಮ್ಮ. ಊರಾಚೆ, ಕೆರೆ ಏರಿಯ ಕೆಳಗೆ ಅವಳ ಸಣ್ಣ ಗುಡಿ ಇದೆ. ಮದುವೆ ಮಾಡಲಿ, ಮನೆ ಕಟ್ಟಲಿ, ದೂರದ ಊರಿಗೆ ಹೊರಡಲಿ, ಅವಳನ್ನು ಕೇಳದೆ ನಮ್ಮ ಮನೆಯಲ್ಲಿ ಯಾರೂ ಹೊಸಿಲು ದಾಟುವುದಿಲ್ಲ. ಕೇಳುವವರು ಎರಡು ಸಣ್ಣ ಹೂವಿನ ಕುಚ್ಚು ಕಟ್ಟಿಕೊಂಡು ಹೋಗಬೇಕು. ಕಟ್ಟುವ ದಾರ ಅಂಗಡಿಯದಾಗಬಾರದು. ಆ ಹೊತ್ತಿಗೆ ಮನೆಯ ಮಗ್ಗದ ಮೇಲೆ ಯಾವ ಸೀರೆ ಇದೆಯೋ ಅದರ ಎಳೆಯೇ ಆಗಬೇಕು. ಪೂಜಾರಿ ಒಂದು ಕುಚ್ಚನ್ನು ನೀರಿನಲ್ಲಿ ಅದ್ದಿ ಅಮ್ಮನ ಬಲ ಭುಜಕ್ಕೆ ಅಂಟಿಸುತ್ತಾನೆ, ಇನ್ನೊಂದನ್ನು ಎಡಕ್ಕೆ. ಕೇಳಬೇಕಾದದ್ದನ್ನು ಕೇಳಿ ಎದುರಿಗೆ ಕೂರಬೇಕು. ಬಲದ್ದು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡದ್ದು ಬಿದ್ದರೆ ಬೇಡ. ಬೀಳದೆ ಉಳಿದದ್ದು ಅವಳ ಮೈಮೇಲೆಯೇ ಇದ್ದು, ಮಾರನೆಯ ದಿನ ಬಾಡಿದ ಹೂವಿನ ಜೊತೆ ಕೆರೆಗೆ ಹೋಗುತ್ತದೆ.

ನಾನು ಹೀಗೆ ಕೇಳಿದ್ದು ಒಂದೇ ಸಲ. ನನ್ನ ಮಗ ನಾಗರಾಜ ಆಗ ಅಂಬೆಗಾಲಿಡುತ್ತಿದ್ದ. ನಮ್ಮ ಬೀದಿಯ ನೇಕಾರರೆಲ್ಲ ಸೇರಿ ಒಂದು ಬಸ್ಸು ಮಾತಾಡಿಕೊಂಡು ತಂಜಾವೂರು, ಮಧುರೆ, ರಾಮೇಶ್ವರಕ್ಕೆ ಹೊರಟಿದ್ದರು. ಗಂಡ ಹೆಂಡಿರು ಜೋಡಿಯಾಗಿಯೇ ಹೋಗುವುದು ಎಂದು ಮಾತಾಗಿತ್ತು. ನಾನು ಹುಟ್ಟಿದ ಮನೆ ಬಿಟ್ಟು ಕೊಟ್ಟ ಮನೆಗೆ ಬಂದದ್ದು ಬಿಟ್ಟರೆ ಇನ್ನೆಲ್ಲಿಗೂ ಹೋದವಳಲ್ಲ. ಚಕ್ಕುಲಿಗೆ ಹಿಟ್ಟು ಬೀಸಿಟ್ಟೆ. ಹಿತ್ತಿಲಿನ ದುಂಡುಮಲ್ಲಿಗೆ ಕಿತ್ತು, ನಡುವೆ ಘಮಘಮಿಸುವ ಪಚ್ಚೆತೆನೆಯ ಒಂದೊಂದು ಕುಡಿ ಇಟ್ಟು ಎರಡು ಕುಚ್ಚು ಕಟ್ಟಿದೆ. ಮಗ್ಗದ ಮೇಲೆ ಆಗ ಒಂದು ಮದುವೆ ಸೀರೆ ಇತ್ತು. ನಮ್ಮ ಮಾವ ತಾವೇ ಬಣ್ಣ ಕಾಯಿಸಿ ಅದ್ದಿದ ರೇಷ್ಮೆ. ಆ ಬಣ್ಣಕ್ಕೆ ಹೆಸರಿಲ್ಲ. ದಾಳಿಂಬೆ ಒಡೆದಾಗ ಒಳಗಿನ ಕಾಳು ಇರುತ್ತದಲ್ಲ, ಅದಕ್ಕೆ ಸ್ವಲ್ಪ ಇಟ್ಟಿಗೆಪುಡಿ ಸೇರಿಸಿದ ಹಾಗೆ. ಅದರ ಎಳೆಯಿಂದಲೇ ಕಟ್ಟಿದೆ.

ಗುಡಿಯಲ್ಲಿ ನಾನು ಕೇಳಿದ್ದು ಇಷ್ಟೇ: "ಇವರ ಜೊತೇಲಿ ನಾನೂ ಹೋಗ್ಲಾ ತಾಯಿ?" ಎಡಗಡೆ ಹೂ ಬಿತ್ತು. ಅತ್ತೆ, "ಬಿಡು, ಅಮ್ಮನಿಗೆ ಇಷ್ಟ ಇಲ್ಲ" ಎಂದರು. ನಮ್ಮನೆಯವರು ತಮ್ಮ ಅಪ್ಪನನ್ನು ಕರೆದುಕೊಂಡು ಹೋದರು. ನಾನು ಮಗನನ್ನು ಕಾಲಿಗೆ ಕಟ್ಟಿಕೊಂಡು ಆ ಸೀರೆ ನೇಯ್ದು ಮುಗಿಸಿದೆ. ಬರುವಾಗ ನನಗೊಂದು ಶಂಖ ತಂದರು. ಶಂಖ ಊದುವುದು ಹೆಂಗಸರ ಕೆಲಸವಲ್ಲ ಎಂದು ಅದನ್ನೂ ಅವರೇ ಊದಿದರು.

ಎಷ್ಟೋ ವರ್ಷದ ಮೇಲೆ, ಆ ಪೂಜಾರಿ ತೀರಿಕೊಂಡ ಮೇಲೆ, ಅವನ ಹೆಂಡತಿ ನಮ್ಮ ಮನೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತು ನಗುತ್ತಾ ಹೇಳಿದಳು. ನಮ್ಮನೆಯವರು ಹಿಂದಿನ ದಿನವೇ ಬಂದು ಪೂಜಾರಿಗೆ ಹೇಳಿ ಹೋಗಿದ್ದರಂತೆ. ಬಲದ ಕುಚ್ಚನ್ನು ಗಂಧ ಹಚ್ಚಿ ಅಂಟಿಸುವುದು, ಎಡದ್ದನ್ನು ಬರೀ ನೀರಿನಲ್ಲಿ. ಗಂಧ ಒಣಗಿದರೆ ಹಿಡಿದುಕೊಳ್ಳುತ್ತದೆ, ನೀರು ಒಣಗಿದರೆ ಬಿಟ್ಟುಬಿಡುತ್ತದೆ. ಅಷ್ಟೇ ದೈವ. ಮದುವೆ ಸೀರೆಗೆ ಕೈ ಬೇಕಾಗಿತ್ತು, ನನಗೆ "ಬೇಡ" ಎಂದು ಹೇಳುವಷ್ಟು ಎದೆ ಅವರಿಗೆ ಇರಲಿಲ್ಲ, ಆದ್ದರಿಂದ ಅಮ್ಮನ ಬಾಯಲ್ಲಿ ಹೇಳಿಸಿದರು. ಇದು ನನಗೆ ಗೊತ್ತಾಗುವ ಹೊತ್ತಿಗೆ ಅವರೂ ಹೋಗಿಬಿಟ್ಟಿದ್ದರು. ಜಗಳ ಆಡಲೂ ಯಾರೂ ಇಲ್ಲ. ಅಂದಿನಿಂದ ನಾನು ಅಮ್ಮನಿಗೆ ಕೈ ಮುಗಿದಿದ್ದೇನೆಯೇ ಹೊರತು ಏನನ್ನೂ ಕೇಳಿಲ್ಲ. ಗಂಧಕ್ಕೂ ನೀರಿಗೂ ಬಗ್ಗುವವಳನ್ನು ಏನು ಕೇಳುವುದು?

ಈಗ ಈಚಿನ ಸಂಗತಿಗೆ ಬರುತ್ತೇನೆ.

ನನ್ನ ಮಗ ನಾಗರಾಜ ಪವರ್‌ಲೂಮ್ ಇಟ್ಟಿದ್ದಾನೆ. ಸೊಸೆ ಶೋಭಾ ಸೀರೆ ವ್ಯಾಪಾರ ನೋಡಿಕೊಳ್ಳುತ್ತಾಳೆ. ಅವರ ಒಬ್ಬಳೇ ಮಗಳು ಮೇಘನಾ ದೇವನಹಳ್ಳಿಯ ಹತ್ತಿರ ಒಂದು ಕಡೆ ಕೆಲಸಕ್ಕೆ ಹೋಗುತ್ತಾಳೆ. ಮನೆಯೆಂದರೆ ನಾವು ನಾಲ್ಕು ಜನ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ತಾರಸಿಯ ಮೇಲೆ ವಿಮಾನ ಹಾದುಹೋಗುವುದು ಎತ್ತಿನ ಗಾಡಿ ಹೋದ ಹಾಗೆ ಆಗಿದೆ. ಹಪ್ಪಳ ಒಣಹಾಕುತ್ತಾ ಅದರ ಹೊಟ್ಟೆ ನೋಡೀ ನೋಡೀ ನನಗೆ ಸಾಕಾಗಿತ್ತು. ಒಳಗೆ ಹೇಗಿರುತ್ತದೆ ಎಂದು ಒಂದು ದಿನವಾದರೂ ನೋಡಬೇಕು ಎಂದು ಆಸೆ ಇತ್ತು. ಆದರೆ ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಕಳೆದ ವರ್ಷದ ಮಳೆಗಾಲ ಮುಗಿಯುತ್ತಿದ್ದ ಹಾಗೆ ಮೇಘನಾ ಒಂದು ಪ್ರವಾಸದ ಮಾತು ತೆಗೆದಳು. ಕಾಂಬೋಡಿಯಾ ಎಂಬ ದೇಶವಂತೆ. ಅಲ್ಲಿ ಕಾಡಿನ ಮಧ್ಯೆ ಹಳೆಯ ಹಳೆಯ ದೇವಸ್ಥಾನಗಳಂತೆ. ನಮ್ಮ ವಿಷ್ಣು, ನಮ್ಮ ಶಿವ ಅಲ್ಲಿಗೆ ಯಾವಾಗ ಹೋದರೋ. ನಾನು ಹೊಸಿಲು ದಾಟದೆ ಕೂತಿದ್ದಾಗ ದೇವರುಗಳೆಲ್ಲ ಸಮುದ್ರ ದಾಟಿ ಬಂದಿದ್ದಾರೆ. ಅವಳು ಫೋನಿನಲ್ಲಿದ್ದದ್ದನ್ನು ಟಿವಿಯಲ್ಲಿ ದೊಡ್ಡದು ಮಾಡಿ ತೋರಿಸಿದಳು. ಮರದ ಬೇರು ಗೋಡೆಯನ್ನೇ ತಬ್ಬಿ ಹಿಡಿದಿತ್ತು. ಸೆಕೆ ನಮ್ಮ ಏಪ್ರಿಲ್ ಹಾಗೆ ಇರುತ್ತದಂತೆ, ಅದಕ್ಕೇ ಚಳಿಗಾಲದಲ್ಲಿ ಹೋಗಬೇಕಂತೆ.

"ಬೆಳಿಗ್ಗೆ ಒಂದು ದೇವಸ್ಥಾನ, ಮಧ್ಯಾಹ್ನ ರೂಮಲ್ಲಿ ನಿದ್ದೆ, ಸಾಯಂಕಾಲ ಇನ್ನೊಂದು. ಓಡೋದು ಗೀಡೋದು ಏನಿಲ್ಲ. ಫುಲ್ ರಿಲ್ಯಾಕ್ಸ್" ಎಂದಳು ಮೇಘನಾ.

"ನಂಗಂತೂ ರಿಲ್ಯಾಕ್ಸ್ ಆಗ್ಲೇಬೇಕಮ್ಮ. ಮಗ್ಗದ ಸದ್ದು ಕೇಳಿ ಕೇಳಿ ಕಿವಿ ಕಿವುಡಾಗ್ಬಿಟ್ಟಿದೆ" ಎಂದ ನಾಗರಾಜ.

ನಾನು ಟಿವಿಯಲ್ಲಿ ಕಾಣುತ್ತಿದ್ದ ಗೋಡೆಯ ಕಲ್ಲನ್ನು ನೋಡುತ್ತಿದ್ದೆ. ಕಲ್ಲಿನ ತುಂಬ ಹೆಂಗಸರು ನಿಂತಿದ್ದರು. ಮೈಮೇಲೆ ಸೊಂಟದಿಂದ ಕೆಳಕ್ಕೆ ಒಂದು ಬಟ್ಟೆ. ಬಟ್ಟೆಗೆ ಅಂಚು. ಅಂಚಿನಲ್ಲಿ ನಾಲ್ಕು ಎಸಳಿನ ಹೂ, ಎರಡು ಹೂವಿನ ಮಧ್ಯೆ ಒಂದು ಚುಕ್ಕಿ. ನಮ್ಮ ಮಾವ ಕಟ್ಟುತ್ತಿದ್ದ ಅಂಚು ಅದೇ. ಚುಕ್ಕಿ ಹೂವಿನ ನೇರಕ್ಕಿರದೆ ಒಂದು ಎಳೆ ಕೆಳಗಿರಬೇಕು, ಆಗಲೇ ದೂರಕ್ಕೆ ಅಂಚು ಹರಿಯುವ ಹಾಗೆ ಕಾಣುತ್ತದೆ ಎಂದು ಹೇಳುತ್ತಿದ್ದರು. ಕಲ್ಲಿನಲ್ಲೂ ಚುಕ್ಕಿ ಕೆಳಗೇ ಇತ್ತು. ಆ ಕಲ್ಲು ಕೆತ್ತಿದವನು ಬಟ್ಟೆಯನ್ನು ಎದುರಿಗೆ ಹಾಸಿಕೊಂಡೇ ಕೆತ್ತಿದ್ದಾನೆ ಎಂದು ನನಗೆ ಅನ್ನಿಸಿತು. ಅದರ ಮೇಲೆ ಒಂದು ಸಲ ಕೈ ಆಡಿಸಬೇಕು ಎಂಬ ಆಸೆ ಹುಟ್ಟಿತು. ಕೈ ಮುಗಿಯುವುದಕ್ಕಲ್ಲ, ಕೈ ಆಡಿಸುವುದಕ್ಕೆ.

ನಾಲ್ಕು ಜನಕ್ಕೂ ಪಾಸ್‌ಪೋರ್ಟ್ ಮಾಡಿಸಿದರು. ನನ್ನ ಸಹಿ ಕಾಗೆ ಕಾಲು ಇಟ್ಟ ಹಾಗಿದೆ ಎಂದು ಮೇಘನಾ ನಕ್ಕಳು. ನಾನೂ ನಕ್ಕೆ. ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ನನ್ನ ಹಳೆಯ ಚಪ್ಪಲಿಗೆ ಹೊಸ ಪಟ್ಟಿ ಹಾಕಿಸಿದೆ.

ಒಂದು ಬೆಳಿಗ್ಗೆ ನಾನು ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಒಳಗೆ ಅಡುಗೆಮನೆಯಲ್ಲಿ ಶೋಭಾ ಗಂಡನಿಗೆ ಹೇಳುತ್ತಿದ್ದಳು. "ನೋಡಿ, ಅತ್ತೆ ಬಂದ್ರೆ ಅವರ ಮಂಡಿ ನೋಡ್ಕೊಳ್ಳೋದೇ ಆಗುತ್ತೆ. ಅಲ್ಲಿ ಮೆಟ್ಲು ಗೋಡೆ ಇದ್ದಂಗಿದೆ. ಆಮೇಲೆ ನಾವೆಲ್ಲಿ ರಿಲ್ಯಾಕ್ಸ್ ಆಗೋದು? ಸೂಲಿಬೆಲೆಲಿ ನಿಮ್ಮ ಅಕ್ಕನ ಮನೇಲಿ ಬಿಟ್ಟುಹೋಗೋಣ. ಅವರಿಗೂ ರಿಲ್ಯಾಕ್ಸ್." ನನ್ನ ಮಗ, "ಹೂಂ, ಅದ್ಸರಿ, ಹೇಳೋದು ಯಾರು?" ಎಂದ.

ತೊಳೆಯುತ್ತಿದ್ದ ಕುಕ್ಕರನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. "ಹೇಳೋದು ಬೇಡ ಕಣಪ್ಪ, ಕೇಳಿಸ್ತು" ಎಂದೆ. "ನನ್ ಮಂಡಿ ಏನು ನಿಮ್ ತಲೆ ಮೇಲೆ ಇಟ್ಕೊಂಡು ಮೆರವಣಿಗೆ ಮಾಡಿ ಅಂದ್ನಾ? ಸಹಿ ಹಾಕಿಸ್ಕೊಳ್ಳೋವಾಗ ನೆನಪಿರ್ಲಿಲ್ವಾ ಮಂಡಿ?"

ಶೋಭಾ, "ಅತ್ತೆ, ನಿಮ್ಮ ಒಳ್ಳೇದಕ್ಕೇ..." ಎಂದಳು. ನನ್ನ ಒಳ್ಳೆಯದನ್ನು ನನ್ನನ್ನು ಬಿಟ್ಟು ಊರಿನವರೆಲ್ಲ ನೋಡಿಕೊಂಡಿದ್ದಾರೆ, ಮೊದಲಿನಿಂದಲೂ. ಮಗ ಮುಖ ಕೆಳಗೆ ಹಾಕಿಕೊಂಡು ನಿಂತಿದ್ದ. ಬೇಡ ಎನ್ನಲು ಬಾಯಿ ಇಲ್ಲ, ಬಾ ಎನ್ನಲು ಮನಸ್ಸಿಲ್ಲ. ಆಮೇಲೆ ಅವನ ಮುಖ ಅರಳಿತು. "ಒಂದ್ ಕೆಲ್ಸ ಮಾಡೋಣಮ್ಮ. ಹೆಂಗೂ ಹೊರಡೋಕ್ ಮುಂಚೆ ಚೌಡೇಶ್ವರಮ್ಮನ್ನ ಕೇಳ್ಬೇಕಲ್ಲ. ನೀನು ಬರ್ಬೇಕೋ ಬೇಡ್ವೋ ಅಮ್ಮನೇ ಹೇಳ್ಲಿ. ಬಲಗಡೆ ಕೊಟ್ರೆ ನಾನೇ ನಿನ್ನ ಎತ್ಕೊಂಡ್ ಹೋಗ್ತೀನಿ."

ಆ ಮುಖ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಅವರಪ್ಪ ಸತ್ತಾಗ ಇವನಿಗೆ ಬಿಟ್ಟುಹೋದದ್ದು ಮಗ್ಗ ಮಾತ್ರ ಎಂದುಕೊಂಡಿದ್ದೆ. ಬುದ್ಧಿಯನ್ನೂ ಬಿಟ್ಟುಹೋಗಿದ್ದರು. "ಆಯ್ತು ನಡಿ" ಎಂದೆ. ಗಂಧದ ಆಟ ನನಗೆ ಗೊತ್ತಿದೆ ಎಂದು ಇವರಿಗೆ ಗೊತ್ತಿರಲಿಲ್ಲ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಗಂಡನ ಮೋಸವನ್ನು ಮಗನ ಮುಂದೆ ಆಡಿ ಏನು ಬರುತ್ತದೆ?

ಹೋದದ್ದು ಒಂದು ಶುಕ್ರವಾರ, ಬಿಸಿಲು ನೆತ್ತಿಗೇರುವ ಹೊತ್ತು. ನಾಲ್ಕೂ ಜನ ಕಾರಿನಲ್ಲಿ ಹೋದೆವು. ಹೂವಿನ ಕುಚ್ಚುಗಳನ್ನು ಶೋಭಾ ಕಟ್ಟಿದ್ದಳು, ಹಳದಿ ಸೇವಂತಿಗೆ. ದಾರ ನಮ್ಮ ಪವರ್‌ಲೂಮಿನ ಮೇಲಿದ್ದ ನೀಲಿ ಪಾಲಿಸ್ಟರ್. ದುಂಡುಮಲ್ಲಿಗೆಯ ಕಾಲ ಅದಲ್ಲ. ನಮ್ಮ ಹಿತ್ತಿಲಿನ ಮಲ್ಲಿಗೆ ಗಿಡ, ಪಚ್ಚೆತೆನೆಯ ಪಾತಿ ಎರಡೂ ಕಾರು ನಿಲ್ಲಿಸುವ ಜಾಗಕ್ಕೆ ಸಿಮೆಂಟು ಹಾಕಿಸಿದಾಗಲೇ ಹೋಗಿದ್ದವು. ಇದನ್ನು ಈಗಲೇ ಹೇಳಿಟ್ಟಿರುತ್ತೇನೆ.

ಗುಡಿಯಲ್ಲಿ ಈಗ ಪೂಜೆ ಮಾಡುವವನು ಆ ಹಳೆಯ ಪೂಜಾರಿಯ ಮೊಮ್ಮಗ. ಒಳ್ಳೆಯ ಹುಡುಗನೇ. ನಮ್ಮನ್ನು ಕಂಡು ನಕ್ಕ. ನಾಗರಾಜನನ್ನು ಕಂಡು ಇನ್ನೊಂದು ತರಹ ನಕ್ಕ. ಅಲ್ಲಿಗೆ ನನಗೆ ಅರ್ಥವಾಯಿತು, ನನ್ನ ಮಗ ಮೊದಲೇ ಇಲ್ಲಿಗೆ ಬಂದು ಹೋಗಿದ್ದಾನೆ. ನಾನು ಗರ್ಭಗುಡಿಯ ಹೊಸಿಲಿಗೆ ಆತುಕೊಂಡು ಕೂತೆ. ಒಳಗಿನ ದೀಪಕ್ಕಿಂತ ಬಾಗಿಲಿನ ಬಿಸಿಲೇ ಹೆಚ್ಚಾಗಿತ್ತು, ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಪೂಜಾರಿ ಎಡದ ಕುಚ್ಚನ್ನು ನೀರಿನಲ್ಲಿ ಅದ್ದಿ ಅಂಟಿಸಿದ. ಬಲದ್ದನ್ನು ಕೈಗೆ ತೆಗೆದುಕೊಳ್ಳುವಾಗ ಹೆಬ್ಬೆರಳು ಗಂಧದ ಬಟ್ಟಲಿಗೆ ಹೋಗಿ ಬಂತು.

"ಏನಪ್ಪಾ ಪೂಜಾರಿ, ಬಲಗಡೆಗೆ ಮಾತ್ರ ಗಂಧ? ಅಮ್ಮನಿಗೆ ಎಡಗಡೆ ಭುಜ ಉರಿಯಲ್ವಾ?" ಎಂದೆ.

ಅವನ ಕೈ ಅಲ್ಲೇ ನಿಂತಿತು. ಮೇಘನಾ ಕಿಸಕ್ಕನೆ ನಕ್ಕಳು. ನಾಗರಾಜ ಕಂಬದ ಮೇಲಿನ ಕೆತ್ತನೆಯನ್ನು ಹಿಂದೆ ನೋಡಿಯೇ ಇಲ್ಲದವನ ಹಾಗೆ ನೋಡತೊಡಗಿದ.

"ನಿಮ್ ತಾತನೂ ಹಿಂಗೇ ಮಾಡಿದ್ದ. ಒರೆಸಪ್ಪ. ಎರಡೂ ಭುಜ ಒರೆಸು. ಎರಡಕ್ಕೂ ಬರೀ ನೀರು. ನಾನ್ ನೋಡ್ತಾ ಕೂತಿರ್ತೀನಿ."

ಪಾಪ, ಹುಡುಗ ಎಡದ ಕುಚ್ಚನ್ನು ತೆಗೆದಿಟ್ಟು, ಒದ್ದೆ ಬಟ್ಟೆ ತಂದು ಅಮ್ಮನ ಭುಜ ಎರಡನ್ನೂ ಒರೆಸಿದ. ಆ ಭುಜದ ಮೇಲೆ ಆಗ ಏನೂ ಇರಲಿಲ್ಲ, ಬರೀ ಕರೀ ಕಲ್ಲು. ನಾನು ಕಣ್ಣಾರೆ ನೋಡಿದೆ, ನನ್ನ ಜೊತೆ ಮೂವರು ನೋಡಿದರು. ಹಿಂದಿನ ದಿನದ ಹಾರ ಗೀರ ಎಲ್ಲ ಬೆಳಿಗ್ಗೆಯೇ ತೆಗೆದಾಗಿತ್ತು. ಸೇವಂತಿಗೆ ಕುಚ್ಚುಗಳನ್ನು ನೀರಿನಲ್ಲಿ ಅದ್ದಿ ಎರಡು ಕಡೆಗೂ ಅಂಟಿಸಿ ಪೂಜಾರಿ ಹೊರಗೆ ಬಂದು ನಿಂತ. ನಾಗರಾಜ ಕೈ ಮುಗಿದು, "ನಮ್ಮಮ್ಮ ನಮ್ ಜೊತೆ ಬರ್ಬೋದಾ ತಾಯಿ?" ಎಂದು ಕೇಳಿದ. ನಾನು ಏನೂ ಕೇಳಲಿಲ್ಲ. ಕೇಳಬಾರದು ಎಂದು ಹಟ.

ಬಹಳ ಹೊತ್ತಾಯಿತು. ಒಂದೂ ಬೀಳಲಿಲ್ಲ. ಕಲ್ಲಿನ ಮೇಲೆ ಇಳಿದಿದ್ದ ನೀರು ಒಣಗಿತು, ಆದರೂ ಹೂ ಅಲ್ಲಾಡಲಿಲ್ಲ. ತಲೆಯ ಮೇಲೆ ಒಂದು ವಿಮಾನ ಹೋಯಿತು. ಗುಡಿಯ ಗಂಟೆಯ ನಾಲಗೆ ಕೂಡ ಸಣ್ಣಗೆ ಕಿಣಿಗುಟ್ಟಿತು. ಹೂ ಮಾತ್ರ ಹಾಗೆಯೇ ಇತ್ತು. ಶೋಭಾ ಬೆವರೊರೆಸಿಕೊಂಡಳು. ಮೇಘನಾ, "ಅಪ್ಪಾ, ಅಮ್ಮನೋರೂ ರಿಲ್ಯಾಕ್ಸ್ ಆಗಿದಾರೆ" ಎಂದಳು. ನಾಗರಾಜ, "ಸುಮ್ನಿರೇ" ಎಂದು ಗದರಿದ.

ಆಗ ಬಲಗಡೆಯಿಂದ ಏನೋ ಬಿತ್ತು. ಪೀಠದ ಮೇಲೆ ಬಿದ್ದು, ಅಲ್ಲಿಂದ ಉರುಳಿ ಹೊಸಿಲಿನ ಒಳಗೆ ನನ್ನ ಕಾಲ ಹತ್ತಿರ ಬಂದು ನಿಂತಿತು. "ಬಲಗಡೆ! ಬಲಗಡೆ ಕೊಟ್ಲು!" ಎಂದು ಮೇಘನಾ ಚಪ್ಪಾಳೆ ತಟ್ಟಿದಳು. ಪೂಜಾರಿ ಚಪ್ಪಾಳೆ ತಟ್ಟಲಿಲ್ಲ. ಅವನು ಅಮ್ಮನ ಭುಜವನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಬಲ ಭುಜದ ಮೇಲೆ ಹಳದಿ ಸೇವಂತಿಗೆ ಹಾಗೆಯೇ ಇತ್ತು. ಎಡ ಭುಜದ ಮೇಲೂ ಹಾಗೆಯೇ ಇತ್ತು.

ಕಾಲ ಹತ್ತಿರ ಬಿದ್ದಿದ್ದು ಮಲ್ಲಿಗೆ.

ನಾನೇ ಬಗ್ಗಿ ಎತ್ತಿಕೊಂಡೆ. ದುಂಡುಮಲ್ಲಿಗೆ, ಈಗ ಕಿತ್ತ ಹಾಗೆ ತಣ್ಣಗಿತ್ತು. ನಡುವೆ ಒಂದು ಪಚ್ಚೆತೆನೆಯ ಕುಡಿ. ಅದರ ವಾಸನೆ ಮೂಗಿಗೆ ಬಂದದ್ದೇ ನನಗೆ ಹಳೆಯ ಹಿತ್ತಿಲು, ಬೀಸುವ ಕಲ್ಲು, ಚಕ್ಕುಲಿ ಹಿಟ್ಟು ಎಲ್ಲ ನೆನಪಾಯಿತು. ದಾರವನ್ನು ಬಿಸಿಲಿಗೆ ಹಿಡಿದೆ. ದಾಳಿಂಬೆಕಾಳಿಗೆ ಇಟ್ಟಿಗೆಪುಡಿ ಸೇರಿಸಿದ ಬಣ್ಣ. ರೇಷ್ಮೆ.

ಗಂಟನ್ನು ನೋಡಬಾರದು ಎಂದುಕೊಂಡೆ, ಆದರೂ ನೋಡಿದೆ. ನನ್ನ ಎಡಗೈ ತೋರುಬೆರಳು ಮಡಚುವುದಿಲ್ಲ, ಚಿಕ್ಕವಳಿದ್ದಾಗ ಮಗ್ಗಕ್ಕೆ ಸಿಕ್ಕಿ ಮುರಿದದ್ದು. ಅದರಿಂದ ನಾನು ಹಾಕುವ ಗಂಟಿನ ಬಾಲ ಎಲ್ಲರ ಗಂಟಿನ ಹಾಗೆ ಕೆಳಗೆ ಬೀಳದೆ ಮೇಲಕ್ಕೆ ನಿಂತುಕೊಳ್ಳುತ್ತದೆ. ನಮ್ಮತ್ತೆ ಅದನ್ನು ಕುಂಟುಗಂಟು ಎಂದು ಆಡಿಕೊಳ್ಳುತ್ತಿದ್ದರು. ಆ ಗಂಟಿನ ಬಾಲ ಮೇಲಕ್ಕೆ ನಿಂತಿತ್ತು.

"ಯಾರಿಟ್ಟಿದ್ದು ಇದು?" ಎಂದು ನಾಗರಾಜ ಪೂಜಾರಿಯನ್ನು ಕೇಳಿದ. ಪೂಜಾರಿ, "ಅಣ್ಣಾ, ಅಮ್ಮನಾಣೆ ನಂಗೊತ್ತಿಲ್ಲ. ನೀವೇ ನೋಡಿದ್ರಲ್ಲ, ಒರೆಸಿದ್ನಲ್ಲ" ಎಂದ.

"ನಾನಿಟ್ಟಿದ್ದು" ಎಂದೆ ನಾನು. ಅಲ್ಲೇ, ಆ ಹೊಸಿಲಿನ ಮೇಲೆಯೇ ಎಲ್ಲ ಹೇಳಿಬಿಟ್ಟೆ. ರಾಮೇಶ್ವರದ ಬಸ್ಸು, ಎರಡು ಕುಚ್ಚು, ಗಂಧ, ನೀರು, ಶಂಖ. ಅಂದು ಎಡದ್ದು ಬಿದ್ದಿತ್ತು. ಗಂಧ ಹಚ್ಚಿದ ಬಲದ್ದು ಬಿದ್ದದ್ದನ್ನು ನಾನು ನೋಡಿರಲೇ ಇಲ್ಲ.

ಪೂಜಾರಿ ಮೆಲ್ಲಗೆ ಕೇಳಿದ. "ಅವತ್ತು ನೀವು ಅಮ್ಮನ್ನ ಏನಂತ ಕೇಳಿದ್ರಿ, ಅವ್ವಾ? ಮಾತು ಹಂಗಂಗೇ ನೆನಪಿದ್ಯಾ?"

ನೆನಪಿಲ್ಲದೆ ಏನು? ಒಂದೇ ಮಾತು ಕೇಳಿದವಳು ನಾನು. "ಇವರ ಜೊತೇಲಿ ನಾನೂ ಹೋಗ್ಲಾ ಅಂತ" ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು, ನಾನು ಏನು ಹೇಳಿದೆ ಎಂದು. ಶೋಭಾ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಯಾರ ಜೊತೆ ಹೋಗಲಾ ಎಂದು ಕೇಳಿದ್ದೆನೋ ಅವರು ಸತ್ತು ಎಷ್ಟು ಕಾಲವಾಯಿತು. ಈಗ ಬಲಗಡೆ ಹೂ ಕೊಟ್ಟಿದ್ದಾಳೆ, ಹೋಗು ಎಂದಿದ್ದಾಳೆ.

ಹೆದರಿಕೆ ಆಯಿತೇ ಎಂದು ಕೇಳಿದರೆ, ಇಲ್ಲ, ನನಗೆ ಬಂದದ್ದು ಸಿಟ್ಟು. ಅಮ್ಮನ ಮುಖ ನೋಡಿ ಬಾಯಿ ಬಿಟ್ಟೇ ಬೈದೆ. "ಈಗ ಕೊಡ್ತೀಯಾ? ಕಾಲಿದ್ದಾಗ ಕೊಡ್ಲಿಲ್ಲ, ಜೊತೆಗೆ ಗಂಡ ಇದ್ದಾಗ ಕೊಡ್ಲಿಲ್ಲ. ಒಂದ್ ಬೊಟ್ಟು ಗಂಧ ಬಿಡಿಸ್ಕೊಳ್ಳೋಕೆ ಇಷ್ಟ್ ವರ್ಷ ಬೇಕಾಯ್ತಾ ನಿಂಗೆ?" ಮೇಘನಾ ನನ್ನ ಬಾಯಿ ಮುಚ್ಚಿದಳು. ಬೈದದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಅಂದಿನಿಂದ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ನೀವು ನಗುತ್ತೀರಿ, ನನಗೆ ನಗು ಬರುವುದಿಲ್ಲ. ನಾಗರಾಜ ಮಾರನೆಯ ದಿನವೇ ನನಗೂ ಟಿಕೆಟ್ ಮಾಡಿಸಿದ. ಗಾಲಿಕುರ್ಚಿಗೆ ಹೇಳಿಸಿದ. ಶೋಭಾ ಬೆಳಿಗ್ಗೆ ಬಾದಾಮಿ ಹಾಲು ತಂದುಕೊಟ್ಟು, "ಅತ್ತೆ, ಏನಾದ್ರೂ ತಿನ್ಬೇಕು ಅನ್ಸಿದ್ರೆ ಹೇಳಿ" ಎನ್ನುತ್ತಿದ್ದಳು. ಮಧ್ಯಾಹ್ನ ನಾನು ಮಲಗಿದರೆ ಯಾರಾದರೊಬ್ಬರು ಬಂದು ಮೂಗಿನ ಹತ್ತಿರ ಬೆರಳು ಹಿಡಿದು ಹೋಗುತ್ತಿದ್ದರು. ಒಂದು ದಿನ ಬೇಕೆಂದೇ ಉಸಿರು ಕಟ್ಟಿ ಮಲಗಿದೆ. ಶೋಭಾ ಕೂಗಿಕೊಂಡು ಓಡಿದಳು. ನನ್ನ ಮಗಳು ಸೂಲಿಬೆಲೆಯಿಂದ ಬಂದು ಅತ್ತು, ನನ್ನ ಇಷ್ಟದ ಸೀರೆ ಯಾವುದು ಎಂದು ಕೇಳಿದಳು. "ಯಾಕೆ, ಹೊದಿಸೋಕಾ?" ಎಂದೆ. ಬದುಕಿರುವ ಮುದುಕಿಗೆ ಇಲ್ಲದ ಜಾಗ, ಸಾಯುವ ಮುದುಕಿಗೆ ತಾನಾಗಿ ಸಿಕ್ಕಿತು. ಇದಕ್ಕಿಂತ ಅವಮಾನ ಇನ್ನೇನಿದೆ ನೀವೇ ಹೇಳಿ.

ಮೇಘನಾ ಒಬ್ಬಳೇ ಹೆದರಲಿಲ್ಲ. "ಅಜ್ಜಿ, ಹಳೆ ದಾರ ವಿಗ್ರಹದ ಹಿಂದೆ ಎಲ್ಲೋ ಸಿಕ್ಕಾಕೊಂಡಿರುತ್ತೆ ಕಣೇ. ಇನ್ಯಾರೋ ಇಟ್ಟ ಮಲ್ಲಿಗೆ ಅದಕ್ಕೆ ತಗಲಾಕೊಂಡು ಬಿದ್ದಿರುತ್ತೆ" ಎಂದಳು. ಇರಬಹುದು. ದಾರ ಹಳೆಯದು, ಒಪ್ಪುತ್ತೇನೆ. ಆ ಮದುವೆ ಸೀರೆ ಮುಗಿದ ಮೇಲೆ ಮಗ್ಗದ ಹಾಸಿನ ಉದ್ದೆಳೆಗಳ ಕೊನೆಯಲ್ಲಿ ಉಳಿದ ರೇಷ್ಮೆಯಲ್ಲಿ ನಾನು ಆಗ ಒಂದು ಕುಬುಸದ ತುಂಡು ನೇಯ್ದುಕೊಂಡಿದ್ದೆ, ಇನ್ನೂ ಪೆಟ್ಟಿಗೆಯಲ್ಲಿದೆ. ದಾರವನ್ನು ಅದರ ಮೇಲೆ ಇಟ್ಟು ನೋಡಿದೆ. ಎಲ್ಲಿ ದಾರ, ಎಲ್ಲಿ ಬಟ್ಟೆ ಎಂದು ಕಣ್ಣಿಗೆ ತಿಳಿಯಲಿಲ್ಲ. ಆದರೆ ಬೇರೆ ಯಾರೋ ಇಟ್ಟ ಹೂವಿಗೆ ನನ್ನ ಗಂಟು ಹೇಗೆ ಬಿತ್ತು? ಮೇಘನಾ ಅದಕ್ಕೆ, "ಅದೊಂದೇ ಕಣೇ ಗೊತ್ತಾಗ್ತಿಲ್ಲ" ಎಂದಳು. ಅಷ್ಟಾದರೂ ಒಪ್ಪಿಕೊಂಡಳಲ್ಲ. ಹೂ ಮಾತ್ರ ಎಲ್ಲ ಹೂವಿನ ಹಾಗೆ ಮಾರನೆಯ ದಿನವೇ ಬಾಡಿತು. ಅದರಲ್ಲಿ ಏನೂ ವಿಶೇಷ ಇರಲಿಲ್ಲ.

ನಾನು ಹೋದೆ. ಹೋಗುವುದೋ ಬೇಡವೋ ಎಂದು ಒಂದು ದಿನವೂ ಯೋಚಿಸಲಿಲ್ಲ. ಸತ್ತರೆ ವಿಮಾನದಲ್ಲಿ ಸಾಯುತ್ತೇನೆ, ಸೂಲಿಬೆಲೆಯಲ್ಲಿ ಟಿವಿ ನೋಡುತ್ತಾ ಸಾಯುವುದಕ್ಕಿಂತ ವಾಸಿ ಎಂದುಕೊಂಡೆ. ಅಲ್ಲಿಯ ಸೆಕೆ ನಿಜಕ್ಕೂ ಕೆಟ್ಟದು. ಮೆಟ್ಟಿಲು ಶೋಭಾ ಹೇಳಿದ ಹಾಗೆ ಗೋಡೆಯೇ. ನಾನು ಮೆಟ್ಟಿಲು ಹತ್ತಲಿಲ್ಲ, ನನಗೆ ಬೇಕಾದದ್ದು ಕೆಳಗಿನ ಗೋಡೆಯಲ್ಲೇ ಇತ್ತು. ಕಲ್ಲಿನ ಹೆಂಗಸಿನ ಬಟ್ಟೆಯ ಅಂಚಿಗೆ ಬೆರಳು ತಾಗಿಸಿದೆ. ಚುಕ್ಕಿ ಹೂವಿನ ನೇರಕ್ಕಿರದೆ ಒಂದು ಎಳೆ ಕೆಳಗೇ ಇತ್ತು. ಕಾವಲಿನವನು ಬಂದು ಮುಟ್ಟಬೇಡ ಎಂದು ಕೈ ತೋರಿಸಿದ. ಮುಟ್ಟಿ ಆಗಿತ್ತು. ಮೇಲೆ ಹತ್ತಿದ ಮೂವರೂ ಇಳಿದು ಬಂದಾಗ ಮುಖ ಕೆಂಪಗಾಗಿ ಏದುಸಿರು ಬಿಡುತ್ತಿದ್ದರು. ರಿಲ್ಯಾಕ್ಸ್ ಆಗಿ ಬಂಡೆಯ ಮೇಲೆ ಕೂತು ಎಳನೀರು ಕುಡಿದವಳು ನಾನೊಬ್ಬಳೇ. ಅಲ್ಲಿ ಬೇರೆ ಏನೂ ನಡೆಯಲಿಲ್ಲ. ಯಾರೂ ಬರಲಿಲ್ಲ, ಯಾರೂ ಕರೆಯಲಿಲ್ಲ. ತಿರುಗಿ ಬಂದೆ. ಸತ್ತಿಲ್ಲ, ಬರೆಯುತ್ತಿದ್ದೇನಲ್ಲ.

ಆದರೆ ಹೋಗುವಾಗ ವಿಮಾನದಲ್ಲಿ ಆದದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೇಘನಾ ತಿದ್ದುವಾಗ ಓದಿಕೊಳ್ಳಲಿ.

ಅವರು ಮೂವರಿಗೂ ಒಂದೇ ಕಡೆ ಸೀಟು ಸಿಕ್ಕಿತ್ತು. ನಾನು ಈಚೆ ಕಡೆ, ಕಿಟಕಿಯ ಹತ್ತಿರ. ವಿಮಾನ ತುಂಬಿತ್ತು. ಮಕ್ಕಳು, ಮುದುಕರು, ಮೇಲೆ ಚೀಲ ಇಡಲೂ ಜಾಗವಿಲ್ಲದಷ್ಟು ಜನ. ನನ್ನ ಪಕ್ಕದ ಸೀಟಿಗೆ ಮಾತ್ರ ಯಾರೂ ಬರಲಿಲ್ಲ. ಬಾಗಿಲು ಹಾಕಿದರು, ಆಗಲೂ ಬರಲಿಲ್ಲ. ವಿಮಾನದ ಕೆಲಸದ ಹುಡುಗಿ ಎಲ್ಲರ ಸೊಂಟದ ಪಟ್ಟಿ ನೋಡಿಕೊಂಡು ಬಂದಳು. ನನ್ನದನ್ನು ಎಳೆದು ನೋಡಿದಳು. ಆಮೇಲೆ ಪಕ್ಕದ ಖಾಲಿ ಸೀಟಿನ ಕಡೆಗೂ ಬಗ್ಗಿ ಒಮ್ಮೆ ನೋಡಿ, ಸರಿಯಾಗಿದೆ ಎನ್ನುವ ಹಾಗೆ ತಲೆಯಾಡಿಸಿ ಮುಂದೆ ಹೋದಳು.

ವಿಮಾನ ಮೇಲೇರಿತು. ಕೆಳಗೆ ನಮ್ಮ ಊರು ಇರಬೇಕು, ಕೆರೆ ಹೊಳೆಯಿತು. ಪಚ್ಚೆತೆನೆಯ ವಾಸನೆ ಬಂತು. ಯಾರಾದರೂ ಮುಡಿದಿರಬಹುದು ಎಂದು ಹಿಂದೆ ಮುಂದೆ ನೋಡಿದೆ, ಯಾರ ತಲೆಯಲ್ಲೂ ಹೂ ಇರಲಿಲ್ಲ. ಅದು ಏನು ಎಂದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ತಿಳಿದವರು ಇದ್ದರೆ ಹೇಳಿ, ಸಿಟ್ಟು ಮಾಡಿಕೊಳ್ಳದೆ ಕೇಳುತ್ತೇನೆ. ಆದರೆ ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ರಾಮೇಶ್ವರದ ಬಸ್ಸು. ಅದರಲ್ಲಿ ನಮ್ಮನೆಯವರು ನನ್ನ ಜಾಗದಲ್ಲಿ ತಮ್ಮ ಅಪ್ಪನನ್ನು ಕೂರಿಸಿಕೊಂಡು, ಕಿಟಕಿಯಿಂದ ಕೈ ಬೀಸಿ ಹೋಗಿದ್ದರು.

ತೊಡೆಯ ಮೇಲಿದ್ದ ನನ್ನ ಚೀಲವನ್ನು ಎತ್ತಿ ಆ ಖಾಲಿ ಸೀಟಿನ ಮೇಲೆ ಇಟ್ಟೆ. ಇಳಿಯುವ ತನಕ ತೆಗೆಯಲಿಲ್ಲ.